ಗೇಟಿನ ಬಳಿ ಮೂವತ್ತೇಳು

ಹರಿಹರದ ಆಫೀಸಿನಲ್ಲಿ ಕೂತು ಜಬೀನಾ
ಒಂದರಿಂದ ಎಣಿಸುತ್ತಾಳೆ.
ನಾನಿಲ್ಲಿ ದಾವಣಗೆರೆಯಲ್ಲಿ, ನಿಟ್ಟುವಳ್ಳಿ ರಸ್ತೆಯ ಆಸ್ಪತ್ರೆಯ
ಮೂರನೇ ಮಹಡಿಯಿಂದ
ಅವಳನ್ನು ಕಿವಿಯಲ್ಲಿಟ್ಟುಕೊಂಡು ಇಳಿಯುತ್ತೇನೆ.
ಇದು ನನ್ನ ಕೆಲಸ. ಇದಕ್ಕೂ ಸಂಬಳವಿದೆ ಅಂದರೆ
ನಮ್ಮತ್ತೆ ಇನ್ನೂ ನಂಬುವುದಿಲ್ಲ.

ಒಳಗೆ ವೈಫೈ. ಹೊರಗೆ ಟವರು.
ಒಳಗಿನದಕ್ಕೆ ಗೋಡೆ ಗೊತ್ತು, ಮೆಟ್ಟಿಲು ಗೊತ್ತು,
ಹೆರಿಗೆ ವಾರ್ಡಿನ ಕಬ್ಬಿಣದ ಮಂಚಗಳೆಲ್ಲ ಗೊತ್ತು;
ರಸ್ತೆ ಗೊತ್ತಿಲ್ಲ.
ಹೊರಗಿನದಕ್ಕೆ ಊರೆಲ್ಲ ಪರಿಚಯ,
ಎಕ್ಸ್‌ರೇ ಕೋಣೆಯ ಸೀಸದ ಬಾಗಿಲ ಮುಂದೆ ಮಾತ್ರ
ಬೀಗರ ಮನೆಗೆ ಮೊದಲ ಸಲ ಬಂದವರ ಹಾಗೆ ನಿಂತುಬಿಡುತ್ತದೆ.
ಇಬ್ಬರಿಗೂ ಒಂದೇ ಸಿಮ್ಮಿನ ಗುರುತು ಹೇಳಿ
ಇಬ್ಬರ ಲೆಕ್ಕವನ್ನೂ ಒಂದೇ ಖಾತೆಗೆ ಬರೆದು
ಮಾತಾಡುವವರಿಗೆ ತಿಳಿಯದಂತೆ ಮಾತನ್ನು ದಾಟಿಸಬೇಕು,
ನಿದ್ದೆಹೋದ ಕೂಸನ್ನು
ತೊಡೆಯಿಂದ ತೊಡೆಗೆ ದಾಟಿಸಿದಂತೆ.

ಮೂವತ್ತೈದು. ಔಷಧಿ ಅಂಗಡಿ.
ಮೂವತ್ತಾರು. ಚಪ್ಪಲಿ ಬಿಡುವ ಜಾಗ.
ಮೂವತ್ತೆಂಟು. ಬಿಸಿಲು, ಮಂಡಕ್ಕಿ ಗಾಡಿ, ಆಟೋ.

ಏಳು ಸಲ ನಡೆದೆ.
ಏಳು ಸಲವೂ ಮೂವತ್ತೇಳು ಗೇಟಿನ ಬಳಿ ಕಳೆಯಿತು.
ಅಲ್ಲೇ, ನನ್ನ ಮುಂದೆಯೇ, ಒಬ್ಬ ಎಳೆ ಮೀಸೆಯ ಅಪ್ಪ
ಜಗಳೂರಿಗೆ ಕೂಸಿನ ತೂಕ ಹೇಳುತ್ತ ಹೊರಬಂದ:
‘ಎರಡು ಕೇಜಿ...’ ಆಮೇಲೆ
ಹಲೋ, ಹಲೋ, ಹಲೋ.
ಆ ಗ್ರಾಮುಗಳು ಎಲ್ಲಿ ಬಿದ್ದವೋ.

ವಾಚ್‌ಮನ್ ಹಾಲೇಶಪ್ಪನದು ಉದ್ದನೆಯ ರಿಜಿಸ್ಟರು.
ಒಳಬಂದ ಸಮಯ. ಹೊರಹೋದ ಸಮಯ.
ಹೆಸರಿನ ಜಾಗದಲ್ಲಿ ‘ಟವರಿನ ಹುಡುಗಿ’,
ಅದರ ಕೆಳಗೆ ಆರು ಸಲ ಎರಡೆರಡು ಗೀಟು.
‘ಏನವ್ವಾ, ಹಿಂಗ ಒಳಗ ಹೊರಗ ಆಡಾಕತ್ತಿ,
ಏನಾರ ಕಳಕೊಂಡೀಯೇನು?’
‘ಒಂದು ಸಂಖ್ಯೆ, ಅಜ್ಜಾ.’
ಅವನು ನಗಲಿಲ್ಲ. ‘ಯಾವ್ದು?’ ಅಂದ.

ಹೇಳಿದೆ. ಒಂದೇ ಕಡ್ಡಿ ಉಳಿದರೂ ಒಳಗಿನದು
ಬಿಡಲಾರೆ ಬಿಡಲಾರೆ ಅಂತ ಹಿಡಿದಿರುತ್ತದೆ;
ಕೊನೆಗೆ ಬಿಟ್ಟಾಗ ಹೊರಗಿನದು ಇನ್ನೂ
ನೀ ಯಾರ ಪೈಕಿ ಅಂತ ವಿಚಾರಿಸುತ್ತಿರುತ್ತದೆ.
ಅಷ್ಟರಲ್ಲಿ ಒಂದು ಸಂಖ್ಯೆ ಹೋಗುತ್ತದೆ.

ಹಾಲೇಶಪ್ಪ ಪೆನ್ನು ಕೆಳಗಿಟ್ಟ.
ಹತ್ತಿ ಮಿಲ್ಲಿನಲ್ಲಿ ಇಪ್ಪತ್ತೊಂದು ವರ್ಷ
ಕಡಿದ ನೂಲು ಹಚ್ಚಿದವನಂತೆ.
ಮಿಲ್ಲು ಹೋಗಿದೆ. ಬೆರಳು ಇವೆ.
ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ
ನನ್ನ ಮುಂದಿನ ಗಾಳಿಯನ್ನು ಒಮ್ಮೆ ಹೊಸೆದ.
‘ಕದಿರು ನಿಲ್ಸಂಗಿಲ್ಲ, ತಿರುಗ್ತಾನ ಇರಬೇಕು.
ಹೋಗೋ ಎಳಿ, ಬರೋ ಎಳಿ
ಚೂರು ಒಂದರ ಮ್ಯಾಲೊಂದು ಬರಬೇಕವ್ವ.
ತುದಿಗೆ ತುದಿ ಇಟ್ರ ನಿಲ್ಲಂಗಿಲ್ಲ.’
‘ಎಷ್ಟು?’
‘ಅಕ್ಕಿಕಾಳಷ್ಟು.’
ಆಮೇಲೆ, ಯಾರೂ ಕೇಳದೆಯೇ:
‘ಬಟ್ಟಿ ಮ್ಯಾಲ ಕೈಯಾಡ್ಸಿದ್ರ ಗಂಟು ಸಿಗತೈತಿ.
ಕಣ್ಣಿಗೆ ಕಾಣಂಗಿಲ್ಲ ಅಷ್ಟ.’

ಅಕ್ಕಿಕಾಳು ಅಂತ ರಿಪೋರ್ಟಿನಲ್ಲಿ ಬರೆಯಲಾಗದೆ
ಡೆಸಿಬಲ್ಲಿನಲ್ಲಿ ಬರೆದೆ.
ಒಳಗಿನದು ಪೂರ್ತಿ ಸೊರಗುವ ಮುಂಚೆ,
ಔಷಧಿ ಅಂಗಡಿಯ ಹತ್ತಿರವೇ, ಟವರಿಗೆ ಗುರುತು ಹೇಳಿಡಲಿ.
ಗೇಟಿನ ತನಕ ಇಬ್ಬರೂ ಹಿಡಿದಿರಲಿ.
ಎರಡನ್ನೂ ಹಿಡಿದರೆ ಬ್ಯಾಟರಿ ತಿನ್ನುವುದಿಲ್ಲವೇ,
ಮೇಲಿನವರು ಕೇಳಿದರು.
ತಿನ್ನುತ್ತದೆ ಸರ್, ಅಂದೆ.

ಗುರುವಾರ ಮತ್ತೆ ಇಳಿದೆ.
ಮೂವತ್ತಾರು. ಚಪ್ಪಲಿಗಳು.
ಮೂವತ್ತೇಳು,
ನೆಗಡಿಯಾದವರ ದನಿಯಂತೆ ಸ್ವಲ್ಪ ದಪ್ಪ,
ಆದರೆ ಇಡಿಯಾಗಿ.
ಮೂವತ್ತೆಂಟು.
ಜಬೀನಾ ಎಣಿಸುತ್ತಲೇ ಇದ್ದಳು. ಮೂವತ್ತೊಂಬತ್ತು. ನಲವತ್ತು.
ನಾನು ವಾಪಸು ಬಂದು ಅದೇ ಜಾಗದಲ್ಲಿ ನಿಂತೆ,
ಒಂದು ಕಾಲು ಒಳಗಿನ ಕಡಪ ಕಲ್ಲಿನ ಮೇಲೆ,
ಒಂದು ಕಾಲು ರಸ್ತೆಯ ಧೂಳಿನಲ್ಲಿ.

‘ಸಿಕ್ಕಿತೇನು?’
‘ಸಿಕ್ಕಿತು.’
ರಿಜಿಸ್ಟರು ತೆರೆದು, ಗಡಿಯಾರ ನೋಡಿ, ಪೆನ್ನೆತ್ತಿದ
ಹಾಲೇಶಪ್ಪ ನನ್ನ ಕಾಲುಗಳನ್ನೇ ನೋಡಿದ.
‘ಇತ್ಲಾಗ ಬಾ, ಇಲ್ಲ ಅತ್ಲಾಗ ಹೋಗು.
ಬರ್ಕೋಬೇಕು ನಾನು.’